ತಂಗಿ ಮಕ್ಕಳ ಜೊತೆ ತವರಿಗೆ ಬಂದಿದ್ದಾಳೆ, ರೇಷನ್ನು ಬಾಂಡು ಎಲ್ಲಾ ಗಂಡನ ಮನೆಯಲ್ಲೇ ಇದೆ. ಏನು ಮಾಡಬೇಕು?

ನಿಟ್ಟುವಳ್ಳಿ ಅಕ್ಕ
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನನ್ನ ತಂಗಿಯನ್ನು ಚಿತ್ರದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಎಂಟು ತಿಂಗಳ ಹಿಂದೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಅಮ್ಮನ ಮನೆಗೆ ಬಂದಿದ್ದಾಳೆ. ಕಾರಣ ಇಲ್ಲಿ ಬೇಡ. ವಾಪಸ್ ಹೋಗಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳಿದ್ದಾಳೆ. ಡೈವೋರ್ಸ್ ಆಗಿಲ್ಲ, ಕೇಸೂ ಹಾಕಿಲ್ಲ.

ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮಗನಿಗೆ ನಾಲ್ಕು. ಮಕ್ಕಳು ಇಲ್ಲಿ, ಮಕ್ಕಳ ಹೆಸರಲ್ಲಿ ಬರುವುದೆಲ್ಲ ಅಲ್ಲಿ. ಮೂರು ಜನರ ಅಕ್ಕಿಯನ್ನು ಅವರೇ ಎತ್ತುತ್ತಿದ್ದಾರೆ. ಮಗಳ ಸ್ಕಾಲರ್‌ಶಿಪ್ ಬೀಳುವ ಖಾತೆಗೆ ಅಪ್ಪ ಗಾರ್ಡಿಯನ್, ಮೆಸೇಜು ಅವನ ಫೋನಿಗೆ ಹೋಗುತ್ತೆ. ಹೆಣ್ಣುಮಗುವಿಗೆ ಸರ್ಕಾರ ಕೊಡುವ ಭಾಗ್ಯಲಕ್ಷ್ಮಿ ಬಾಂಡು ಅತ್ತೆಯ ಟ್ರಂಕಿನಲ್ಲಿದೆ. ರೇಷನ್ ಕಾರ್ಡಿಂದ ಹೆಸರು ತೆಗೆಸಿಕೊಡಿ ಅಂದರೆ ಕಾರ್ಡ್ ಕೊಡಲ್ಲ ಅಂತಾರೆ.

ತಂಗಿ ಟೈಲರಿಂಗ್ ಕೆಲಸಕ್ಕೆ ಹೋಗುತ್ತಾಳೆ, ತಿಂಗಳಿಗೆ ಏಳು ಸಾವಿರ ಸಿಗುತ್ತೆ. ಅಮ್ಮನಿಗೆ ಬಿಪಿಎಲ್ ಕಾರ್ಡ್ ಇದೆ. ಎಲ್ಲಿಂದ ಶುರು ಮಾಡಬೇಕು ಹೇಳಿ. ಮೂರು ಕಡೆ ಕೇಳಿದೆ, ಮೂರು ಉತ್ತರ ಬಂತು.

ಹಗೇದಿಬ್ಬ ಹುಡುಗ
ಮೂರೇ ಉತ್ತರನಾ? ಇಲ್ಲಿ ಹದಿಮೂರು ಸಿಗುತ್ತೆ, ಕಾಯ್ತಾ ಇರಿ ಅಕ್ಕ.

ಜಗಳೂರು ಬಿಸಿಲು
ಮೊದಲು ರೇಷನ್ ಕಾರ್ಡು. ಉಳಿದದ್ದೆಲ್ಲ ಆಮೇಲೆ. ಅತ್ತೆ ಮನೆ ಕಾರ್ಡಿಂದ ಮೂರು ಹೆಸರು ತೆಗೆಯಬೇಕು, ಆಮೇಲೆ ನಿಮ್ಮ ಅಮ್ಮನ ಕಾರ್ಡಿಗೆ ಸೇರಿಸಬೇಕು. ಒಂದು ಆಧಾರ್ ಎರಡು ಕಾರ್ಡಲ್ಲಿ ಕೂರಲ್ಲ, ಸಿಸ್ಟಮ್ಮೇ ತಳ್ಳಿಬಿಡುತ್ತೆ. ಹೊಸ ಬಿಪಿಎಲ್ ಕಾರ್ಡಿನ ಆಸೆ ಈಗ ಬೇಡ. ಅದರ ಅರ್ಜಿ ಯಾವಾಗಲೂ ತೆರೆದಿರಲ್ಲ. ಅದನ್ನೇ ಕಾಯುತ್ತಾ ಕೂತರೆ ಇತ್ತಲಾಗೆ ಅಕ್ಕಿನೂ ಇಲ್ಲ, ಅತ್ತಲಾಗೆ ಕಾರ್ಡೂ ಇಲ್ಲ.

ಚಳ್ಳಕೆರೆ ಶೇಂಗಾ
ತೆಗೆಸೋವರೆಗೂ ಒಂದು ದಾರಿ ಇದೆ. ನಿಮ್ಮ ತಂಗಿ ಹೆಸರು ಇನ್ನೂ ಆ ಕಾರ್ಡಲ್ಲಿದೆ, ಅಲ್ವಾ? ಕಾರ್ಡಲ್ಲಿರುವ ಯಾರ ಹೆಬ್ಬೆಟ್ಟು ಆದರೂ ನಡೆಯುತ್ತೆ. ಊರಿನ ಅಂಗಡಿಯೇ ಬೇಕು ಅಂತಲೂ ಇಲ್ಲ. ನಮ್ಮ ಚಿಕ್ಕಮ್ಮನ ಮಗಳು ಹಿಂಗೇ ಮಾಡಿದಳು. ತಿಂಗಳ ಮೊದಲ ವಾರ ಇಲ್ಲಿನ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಇಡೀ ಕಾರ್ಡಿನ ಅಕ್ಕಿ ಎತ್ತಿಕೊಂಡು ಬಂದಳು. ಹತ್ತನೇ ತಾರೀಖು ಅತ್ತೆ ಫೋನು. ಆಮೇಲೆ ಅವರೇ ಓಡಿಬಂದು ಹೆಸರು ತೆಗೆಸಿಕೊಟ್ಟರು 😄

ನಿಟ್ಟುವಳ್ಳಿ ಅಕ್ಕ
ಅಯ್ಯೋ ಬೇಡಪ್ಪಾ. ಆ ಮನೆಯಲ್ಲಿ ವಯಸ್ಸಾದ ಮಾವ ಇದ್ದಾರೆ. ಅವರ ಅಕ್ಕಿ ಎತ್ತಿಕೊಂಡು ಬರೋಕೆ ನಮಗೆ ಮನಸ್ಸು ಬರಲ್ಲ. ಜಗಳ ಬೇರೆ ಆಗುತ್ತೆ.

ಮಂಡಕ್ಕಿ ಮೆಣಸಿನಕಾಯಿ
ನಂದೊಂದು ಮಾತು, ಬೇಜಾರಾಗಬೇಡಿ. ಮನೆ ಅಂದಮೇಲೆ ಪಾತ್ರೆ ಸದ್ದು ಮಾಡೇ ಮಾಡುತ್ತವೆ. ಹೆಸರು ತೆಗೆಸಿದರೆ ಸಂಬಂಧ ಪೂರ್ತಿ ಕಡಿದ ಹಾಗೆ. ಇಬ್ಬರು ಹಿರಿಯರನ್ನು ಕೂರಿಸಿ ಮಾತಾಡಿಸಿ. ಸ್ವಲ್ಪ ಅಕ್ಕಿಗೆ ಸಂಸಾರ ಒಡೆಯೋದು ಬೇಕಾ?

ಭರಮಸಾಗರ ಬಸ್
ಪಾತ್ರೆ ಸದ್ದಾಗೋದಕ್ಕೂ ಪಾತ್ರೆ ತಲೆ ಮೇಲೆ ಬೀಳೋದಕ್ಕೂ ವ್ಯತ್ಯಾಸ ಇದೆ ಸ್ವಾಮಿ. ಅವರು ಕೇಳಿದ್ದು ಮಕ್ಕಳ ಅಕ್ಕಿ ಬಗ್ಗೆ, ನಿಮ್ಮ ಪಂಚಾಯ್ತಿ ಬಗ್ಗೆ ಅಲ್ಲ.

ಮಂಡಕ್ಕಿ ಮೆಣಸಿನಕಾಯಿ
ಸರಿ ಸರಿ. ಸುಮ್ನೆ ಹೇಳಿದೆ.

ವಕೀಲರ ಮನೆ ಬೆಕ್ಕು
ಒಂದು ತಪ್ಪು ತಿಳುವಳಿಕೆ ಎಲ್ಲಾ ಕಡೆ ಇದೆ, ಅದನ್ನು ಮೊದಲು ಬಿಡಿಸಿಬಿಡೋಣ. ಡೈವೋರ್ಸ್ ಆಗದೆ ಏನೂ ಸಿಗಲ್ಲ ಅನ್ನೋದು ಸುಳ್ಳು. ರೇಷನ್ನಿಗೆ ಮಕ್ಕಳು ಎಲ್ಲಿ ಇದ್ದಾರೆ ಅನ್ನೋದು ಮುಖ್ಯ, ಮದುವೆಯ ಸ್ಥಿತಿಯಲ್ಲ. ಶಾಲೆಗೂ ಅಂಗನವಾಡಿಗೂ ಅಷ್ಟೇ.

ಹಾಗಂತ ಕಾನೂನಿನ ಬಾಗಿಲು ಮುಚ್ಚಿಡಬೇಡಿ. ಮಕ್ಕಳ ಖರ್ಚಿಗೆ ಅಪ್ಪ ದುಡ್ಡು ಕೊಡಲೇಬೇಕು. ಜೀವನಾಂಶದ ಹಳೇ ಸಿಆರ್‌ಪಿಸಿ 125ನೇ ಕಲಂ ಅಂತ ಕೇಳಿರುತ್ತೀರಿ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ತಂಗಿ ಈಗ ಇರುವ ಊರಲ್ಲೇ, ಅಂದರೆ ದಾವಣಗೆರೆಯಲ್ಲೇ ಅರ್ಜಿ ಹಾಕಬಹುದು, ದುರ್ಗಕ್ಕೆ ಅಲೆಯಬೇಕಿಲ್ಲ. ವಕೀಲರ ಫೀಸಿನ ಚಿಂತೆಯೂ ಬೇಡ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಸಿಗುತ್ತೆ. 15100ಕ್ಕೆ ಫೋನ್ ಮಾಡಿದರೂ ಆಯ್ತು.

ಅಂಗನವಾಡಿ ಟೀಚರ್
ನಾನು ಹದಿನಾರು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ನನಗೆ ಗೊತ್ತಿರೋದು ಹೇಳ್ತೀನಿ.

ಚಿಕ್ಕವನನ್ನು ನಾಳೆಯೇ ಮನೆ ಹತ್ತಿರದ ಅಂಗನವಾಡಿಗೆ ಕಳಿಸಿ. ಅದಕ್ಕೆ ರೇಷನ್ ಕಾರ್ಡ್ ಬೇಕಿಲ್ಲ. ಊಟ, ಮೊಟ್ಟೆ, ತೂಕ ನೋಡೋದು, ಚುಚ್ಚುಮದ್ದು ಎಲ್ಲಾ ಅಲ್ಲೇ ನಡೆಯುತ್ತೆ. ಹಳೇ ಅಂಗನವಾಡಿಯಲ್ಲಿ ಹೆಸರು ಇರುತ್ತೆ, ಆ ಟೀಚರಿಗೆ ಒಂದು ಫೋನ್ ಮಾಡಿ ಪೋಷಣ್ ಟ್ರ್ಯಾಕರ್‌ನಲ್ಲಿ, ಅಂದರೆ ನಾವು ಮಕ್ಕಳ ಲೆಕ್ಕ ಇಡುವ ಆ್ಯಪ್‌ನಲ್ಲಿ, ವರ್ಗಾವಣೆ ಮಾಡಿಸಿಕೊಳ್ಳಿ. ತಾಯಿ ಕಾರ್ಡ್ ಇದ್ದರೆ ತೆಗೆದುಕೊಂಡು ಹೋಗಿ. ಚುಚ್ಚುಮದ್ದಿನ ಲೆಕ್ಕವೆಲ್ಲ ಅದರಲ್ಲೇ ಇರುತ್ತೆ.

ಇನ್ನು ಭಾಗ್ಯಲಕ್ಷ್ಮಿ. ಬಾಂಡು ಮಗುವಿನ ಹೆಸರಲ್ಲಿ ಇರುತ್ತೆ, ಅಪ್ಪನ ಹೆಸರಲ್ಲೂ ಅಲ್ಲ, ಅಜ್ಜಿಯ ಹೆಸರಲ್ಲೂ ಅಲ್ಲ. ಯಾರ ಟ್ರಂಕಲ್ಲಿ ಇದ್ದರೂ ಅವರು ಅದನ್ನು ಮುರಿಸೋಕೆ ಆಗಲ್ಲ. ಹುಡುಗಿಗೆ 18 ತುಂಬಬೇಕು, ಅಲ್ಲಿವರೆಗೆ ಮದುವೆ ಆಗಿರಬಾರದು, ಬಾಲಕಾರ್ಮಿಕಳಾಗಿರಬಾರದು, ಕಡೇಪಕ್ಷ ಎಂಟನೇ ಕ್ಲಾಸು ಓದಿರಬೇಕು. ಯೋಜನೆ ಶುರುವಾಗಿದ್ದು 2006ರಲ್ಲಿ. ಆಗ ಹುಟ್ಟಿದ ಹುಡುಗಿಯರಿಗೆ 18 ತುಂಬಿದ್ದು 2024ರಲ್ಲಿ. ನಮ್ಮ ಏರಿಯಾದಲ್ಲಿ ಮನೆ ಬದಲಾಯಿಸಿದವರು, ಬಾಂಡ್ ಕಳೆದುಕೊಂಡವರು ಆಗ ಎಷ್ಟು ಜನ ಬಂದರು ಗೊತ್ತಾ? ಅದಕ್ಕೇ ಈಗಲೇ ಬಾಂಡ್ ನಂಬರ್ ಬರೆದಿಟ್ಟುಕೊಳ್ಳಿ. ನಂಬರ್ ಸಿಗದಿದ್ದರೆ ಮಗಳ ಜನನ ಪ್ರಮಾಣಪತ್ರ ಹಿಡಿದುಕೊಂಡು ಅರ್ಜಿ ಹಾಕಿದ್ದ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋಗಿ. ನಾವು ಸಿಡಿಪಿಒ ಆಫೀಸು ಅಂತೀವಲ್ಲ, ಅದೇ. ದಾವಣಗೆರೆಯದ್ದಲ್ಲ, ಚಿತ್ರದುರ್ಗದ್ದು.

ಚಳ್ಳಕೆರೆ ಶೇಂಗಾ
ಬಾಂಡ್ ಅಲ್ಲ ಟೀಚರ್, ಈಗ ಅದು ಪೋಸ್ಟ್ ಆಫೀಸ್ ಸುಕನ್ಯಾ ಖಾತೆ ಆಗಿದೆಯಲ್ಲ?

ಅಂಗನವಾಡಿ ಟೀಚರ್
ಅದು 2020ರ ನಂತರ ಬಂದದ್ದು. ವರ್ಷಕ್ಕೆ 3,000ದಂತೆ 15 ವರ್ಷ ಸರ್ಕಾರವೇ ಕಟ್ಟುತ್ತೆ. ಈ ಹುಡುಗಿಗೆ ಎಂಟು ವರ್ಷ, ಅದಕ್ಕೂ ಮುಂಚೆ ಹುಟ್ಟಿದವಳು, ಹಾಗಾಗಿ ಹಳೇ ಬಾಂಡೇ.

ತಾತ 72
ಸುಕನ್ಯಾ ಮಾತು ಬಂತು ಅಂತ ಹೇಳುತ್ತಿದ್ದೇನೆ. ಮೊಮ್ಮಗಳ ಹೆಸರಲ್ಲಿ ನಾನೇ ಗಾರ್ಡಿಯನ್ ಆಗಿ ಸುಕನ್ಯಾ ಸಮೃದ್ಧಿ ತೆಗೆದಿದ್ದೆ. ಮಗ ಸೊಸೆ ಬೆಂಗಳೂರಲ್ಲಿ, ಮಗು ನಮ್ಮ ಹತ್ತಿರ, ನಾನೇ ಪ್ರತಿ ತಿಂಗಳು ಹೋಗಿ ಕಟ್ಟುತ್ತಿದ್ದೆ. 2024ರ ಅಕ್ಟೋಬರ್‌ನಲ್ಲಿ ಹೋದರೆ ಅಜ್ಜ ಅಜ್ಜಿ ಗಾರ್ಡಿಯನ್ ಆಗಿರುವಂತಿಲ್ಲ, ತಂದೆ ತಾಯಿ ಹೆಸರಿಗೆ ಬದಲಾಯಿಸಿ ಅಂದರು. ಮಗು ಸಾಕುವವನು ನಾನು, ಸಹಿ ಹಾಕೋಕೆ ಮಗ ಬೆಂಗಳೂರಿಂದ ಬರಬೇಕಂತೆ! ದಸರಾ ರಜೆಗೆ ಬಂದಾಗ ಮಾಡಿಸಿದೆವು. ಮನೆಯಲ್ಲಿ ಹೀಗೆ ಖಾತೆ ಇರುವವರು ಪಾಸ್‌ಬುಕ್ ಒಮ್ಮೆ ತೆಗೆದು ನೋಡಿಕೊಳ್ಳಿ. ದುಡ್ಡು ಕಟ್ಟೋದು ಅಜ್ಜ ಆದರೆ ಯಾರ ಅಡ್ಡಿಯೂ ಇಲ್ಲ, ಗಾರ್ಡಿಯನ್ ಹೆಸರು ಮಾತ್ರ ಬದಲಾಗಬೇಕು.

ಹಗೇದಿಬ್ಬ ಹುಡುಗ
ತಾತ, ನೀವು ಟೈಪಿಂಗ್ ಚೆನ್ನಾಗಿ ಮಾಡ್ತೀರಿ.

ತಾತ 72
ಮೊಮ್ಮಗಳು ಹೊಡೆಯುತ್ತಿದ್ದಾಳೆ. ನಾನು ಹೇಳುತ್ತಿದ್ದೇನೆ ಅಷ್ಟೇ.

ಹೊಸದುರ್ಗದ ಮೇಷ್ಟ್ರು
ಶಾಲೆಯ ವಿಷಯ ಯಾರೂ ಎತ್ತಿಲ್ಲ. ಹುಡುಗಿಯ ಟಿಸಿ ಬಂದಿದೆಯಾ?

ನಿಟ್ಟುವಳ್ಳಿ ಅಕ್ಕ
ಇಲ್ಲ ಸರ್. ತಂದೆ ಬಂದು ಕೇಳಿದರೆ ಮಾತ್ರ ಕೊಡ್ತೀವಿ ಅಂದರಂತೆ. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಸುಮ್ನೆ ಕೂರಿಸಿಕೊಂಡಿದ್ದಾರೆ, ಊಟ ಕೊಡ್ತಾರೆ, ಆದರೆ ಹಾಜರಿಯಲ್ಲಿ ಹೆಸರಿಲ್ಲ.

ಹೊಸದುರ್ಗದ ಮೇಷ್ಟ್ರು
ಇದು ಸರಿಯಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 5ನೇ ಸೆಕ್ಷನ್ ಓದಲಿ ಅವರು. ಮಗು ಬೇರೆ ಶಾಲೆಗೆ ಹೋಗುವಾಗ ಮುಖ್ಯಶಿಕ್ಷಕರು ತಕ್ಷಣ ಟಿಸಿ ಕೊಡಬೇಕು. ಟಿಸಿ ತಡವಾಯಿತು ಅಂತ ಹೊಸ ಶಾಲೆಯವರು ದಾಖಲಾತಿ ನಿಲ್ಲಿಸುವಂತಿಲ್ಲ. ತಂದೆಯೇ ಬರಬೇಕು ಅನ್ನೋ ಮಾತು ಅದರಲ್ಲಿ ಎಲ್ಲೂ ಇಲ್ಲ. ತಾಯಿ ಒಂದು ಅರ್ಜಿ ಬರೆದು, ಮಗುವಿನ ಸ್ಯಾಟ್ಸ್ ನಂಬರ್ (ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯ ನಂಬರ್) ಹಾಕಿ ಕೊಡಲಿ. ನಂಬರ್ ಹಳೇ ಮಾರ್ಕ್ಸ್ ಕಾರ್ಡಲ್ಲಿ ಇರುತ್ತೆ. ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರಿಗೆ ಅದೇ ಅರ್ಜಿಯ ಪ್ರತಿ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. ಸ್ಯಾಟ್ಸ್‌ನಲ್ಲಿ ಹುಡುಗಿ ಹಳೇ ಶಾಲೆಯಲ್ಲೇ ಇದ್ದರೆ ಈ ವರ್ಷದ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಆಗಲ್ಲ. ಹೆಸರಿಲ್ಲದ ಮಗುವಿಗೆ ಪುಸ್ತಕ, ಯೂನಿಫಾರ್ಮ್ ಸಹ ಲೆಕ್ಕದಲ್ಲಿ ಬರಲ್ಲ. ನಮ್ಮ ಶಾಲೆಗೆ ಹೀಗೆ ಅಮ್ಮನ ಜೊತೆ ಬಂದ ಒಂದು ಹುಡುಗಿ ಇದ್ದಳು. ಉಳಿದವರಿಗೆಲ್ಲ ಶೂ ಬಂದ ದಿನ ಅವಳು ಬರಿಗಾಲಲ್ಲಿ ಹಿಂದಿನ ಬೆಂಚಲ್ಲಿ ಕಾಲು ಮಡಚಿಕೊಂಡು ಕೂತಿದ್ದಳು. ನಾವು ಮೇಷ್ಟ್ರುಗಳೇ ದುಡ್ಡು ಹಾಕಿ ತಂದುಕೊಟ್ಟೆವು, ಅದು ಬೇರೆ ಮಾತು.

ಜಗಳೂರು ಬಿಸಿಲು
ಸ್ಕಾಲರ್‌ಶಿಪ್ ಖಾತೆಗೆ ಪರಿಹಾರ ಸುಲಭ. ಅಪ್ಪನ ಹತ್ತಿರ ಪಾಸ್‌ಬುಕ್ ಕೇಳೋಕೆ ಹೋಗಲೇಬೇಡಿ. ತಾಯಿ ಗಾರ್ಡಿಯನ್ ಆಗಿ ಪೋಸ್ಟ್ ಆಫೀಸಲ್ಲೋ ಬ್ಯಾಂಕಲ್ಲೋ ಹೊಸ ಖಾತೆ ತೆಗೆಯಿರಿ. ಅದಕ್ಕೆ ಮಗುವಿನ ಆಧಾರ್ ಸೀಡಿಂಗ್ ಮಾಡಿಸಿ. ಸುಮ್ನೆ ಲಿಂಕ್ ಅಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಅಂತ ಬಾಯಿಬಿಟ್ಟು ಕೇಳಿ, ಆಧಾರ್‌ಗೆ ಬರುವ ದುಡ್ಡು ಯಾವ ಖಾತೆಗೆ ಅಂತ ಗುರುತು ಹಾಕೋದೇ ಅದು. ಡಿಬಿಟಿ ದುಡ್ಡು, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ದುಡ್ಡು, ಕೊನೆಗೆ ಸೀಡ್ ಆದ ಖಾತೆಗೇ ಹೋಗುತ್ತೆ. ಹಳೇ ಖಾತೆ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಸರಿಯುತ್ತೆ.

ಕೋಟೆ ಕೋತಿ
ತಾಯಿ ಗಾರ್ಡಿಯನ್ ಆಗೋಕೆ ಅಪ್ಪನ ಎನ್‌ಒಸಿ (ಅಡ್ಡಿ ಇಲ್ಲ ಅನ್ನೋ ಪತ್ರ) ಬೇಕು ಅಂತ ನಮಗೆ ಒಂದು ಬ್ಯಾಂಕಲ್ಲಿ ಹೇಳಿದ್ದರಲ್ಲ?

ವಕೀಲರ ಮನೆ ಬೆಕ್ಕು
ಬೇಕಿಲ್ಲ. ತಾಯಿ ಗಾರ್ಡಿಯನ್ ಆಗಿ ಮಗುವಿನ ಖಾತೆ ತೆಗೆಯಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟು ದಶಕಗಳೇ ಆದವು. ತಂದೆ ಬದುಕಿದ್ದರೂ ಮಗುವಿನ ಹೊಣೆ ನೋಡಿಕೊಳ್ಳದಿದ್ದರೆ ತಾಯಿಯೇ ಸಹಜ ಪೋಷಕಿ ಆಗಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಕೌಂಟರಲ್ಲಿ ಇಲ್ಲ ಅಂದರೆ ಆ ಮಾತನ್ನು ಬರೆದುಕೊಡಿ ಅನ್ನಿ. ಮುಕ್ಕಾಲು ಪಾಲು ಕೆಲಸ ಅಲ್ಲೇ ಆಗುತ್ತೆ.

ಕೋಟೆ ಕೋತಿ
ಬರೆದುಕೊಡಿ ಅಂದ ತಕ್ಷಣ ಸರ್ವರ್ ಡೌನ್ ಆಗುತ್ತೆ, ಅದು ಬೇರೆ ಕಥೆ.

ಕುಂದುವಾಡ ಕೆರೆ
ನಾನು ಇದನ್ನೆಲ್ಲ ದಾಟಿ ಬಂದವಳು, ಹಾಗಾಗಿ ಬರೆಯುತ್ತಿದ್ದೇನೆ. ಮಕ್ಕಳ ರಕ್ಷಣೆಗೆ ಇರುವ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಅಂತ ಒಂದು ನೆರವಿದೆ. ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಗಂಡ ತೀರಿಕೊಂಡವರು, ಡೈವೋರ್ಸ್ ಆದವರು, ಮನೆಯವರು ಕೈಬಿಟ್ಟವರು, ಇವರ ಮಕ್ಕಳು ಅದರಲ್ಲಿ ಬರುತ್ತಾರೆ. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಸಂಬಂಧಿಕರ ಮನೆಯಲ್ಲಿ ಬೆಳೆಯುವ ಮಕ್ಕಳೂ ಬರುತ್ತಾರೆ. ಕುಟುಂಬದ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದ ಕಡೆ 96,000 ಮೀರಬಾರದು.

ಇದು ತಾಲ್ಲೂಕು ಆಫೀಸಲ್ಲಿ ಸಿಗಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು. ಅವರು ಮನೆಗೆ ಬಂದು ನೋಡುತ್ತಾರೆ. ನಮ್ಮ ಮನೆಗೆ ಬಂದವರು ಒಲೆ ಹತ್ತಿರ ಕೂತು ಮಗನ ನೋಟ್‌ಬುಕ್ ತಿರುವಿ ಹಾಕಿ, ಅಪ್ಪ ಫೋನ್ ಮಾಡ್ತಾರಾ ಅಂತ ಅವನನ್ನೇ ಕೇಳಿದರು. ಅವನು ಇಲ್ಲ ಅಂದ. ಅಷ್ಟೇ. ನಾನು ಫೈಲಿನಲ್ಲಿ ಇಟ್ಟುಕೊಂಡಿದ್ದ ಹನ್ನೊಂದು ಪೇಪರಿಗಿಂತ ಆ ಒಂದು ಮಾತು ಜಾಸ್ತಿ ಕೆಲಸ ಮಾಡಿತು ಅನಿಸುತ್ತೆ. ಆಮೇಲೆ ಸಮಿತಿಯ ಮುಂದೆ ಹೋಗಿ ಮಂಜೂರಾಗುತ್ತೆ. ನನಗೆ ಏಳು ತಿಂಗಳು ಹಿಡಿಯಿತು. ಅರ್ಜಿ ಹಾಕಿದವರಿಗೆಲ್ಲ ಸಿಕ್ಕೇ ಸಿಗುತ್ತೆ ಅಂತ ಹೇಳಲ್ಲ, ಆದರೆ ಹಾಕದೆ ಇರಬೇಡಿ.

ಭರಮಸಾಗರ ಬಸ್
ಲೆಕ್ಕ ನೋಡಿ. ಏಳು ಸಾವಿರ ಅಂದರೆ ವರ್ಷಕ್ಕೆ 84,000. ದಾವಣಗೆರೆ ಸಿಟಿಯಲ್ಲಿ ಇದ್ದರೆ ಒಳಗೆ, ಗಂಡನ ಹಳ್ಳಿಯಲ್ಲೇ ಬೇರೆ ಮನೆ ಮಾಡಿದ್ದರೆ ಹೊರಗೆ. ಆದಾಯ ಪ್ರಮಾಣಪತ್ರ ಮಾಡಿಸುವಾಗ ಯಾರ ಯಾರ ಸಂಪಾದನೆ ಸೇರಿಸಿ ಬರೆಸುತ್ತೀರಿ ನೋಡಿಕೊಳ್ಳಿ. ಗಂಡನ ಸಂಪಾದನೆ ಸೇರಿಸಿರುವ ಹಳೇ ಪ್ರಮಾಣಪತ್ರ ಕೊಟ್ಟು ಬರಬೇಡಿ.

ಹಗೇದಿಬ್ಬ ಹುಡುಗ
ನಾಲ್ಕು ಸಾವಿರ ಎಲ್ಲಾ ಬಡ ಮಕ್ಕಳಿಗೂ ಅಂತ ನಮ್ಮ ಓಣಿ ವಾಟ್ಸ್ಆ್ಯಪ್ ಗುಂಪಲ್ಲಿ ಬಂದಿತ್ತು!

ಕುಂದುವಾಡ ಕೆರೆ
ಅದನ್ನು ನಂಬಿ ಅರ್ಜಿ ಫಾರಂಗೆ ನೂರು ರೂಪಾಯಿ ಕೊಟ್ಟವರು ನನಗೇ ಮೂರು ಜನ ಗೊತ್ತು. ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದು ಚೆನ್ನಾಗಿದ್ದರೆ, ಬಡತನ ಒಂದೇ ಕಾರಣಕ್ಕೆ ಇದು ಬರಲ್ಲ.

ಚಳ್ಳಕೆರೆ ಶೇಂಗಾ
ತಂಗಿಗೆ ಮನಸ್ವಿನಿಯಲ್ಲಿ ತಿಂಗಳಿಗೆ 800 ಬರುತ್ತಲ್ಲ, ಅದಕ್ಕೂ ಹಾಕಿಸಿ.

ಜಗಳೂರು ಬಿಸಿಲು
ಮನಸ್ವಿನಿ 40ರಿಂದ 64 ವಯಸ್ಸಿನ ಅವಿವಾಹಿತರಿಗೆ, ಡೈವೋರ್ಸ್ ಆದವರಿಗೆ. ಎಂಟು ವರ್ಷದ ಮಗು ಇರುವ ತಂಗಿಗೆ ನಲವತ್ತು ಎಲ್ಲಿ ಆಗಿರುತ್ತೆ? ಪೂರ್ತಿ ಓದಿ ಬರೆಯೋ ಮಾರಾಯ.

ಚಳ್ಳಕೆರೆ ಶೇಂಗಾ
ಶೇಂಗಾ ಸುಲಿಯುತ್ತಾ ಟೈಪ್ ಮಾಡಿದ್ದು, ಕ್ಷಮಿಸಿ.

ದುರ್ಗದ ಸೊಸೆ
ಮಧ್ಯ ಬಂದಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನಂದು ಮೊದಲನೇ ಹೆರಿಗೆ. ಏಳು ತಿಂಗಳಿಗೆ ತವರಿಗೆ ಬಂದಿದ್ದೇನೆ, ಬಾಣಂತನವೂ ಇಲ್ಲೇ. ಹೆರಿಗೆಗೆ ಸರ್ಕಾರ ಕೊಡೋ ಮಾತೃವಂದನಾ ದುಡ್ಡಿಗೆ ಅರ್ಜಿ ಗಂಡನ ಊರಲ್ಲಿ ಹಾಕಬೇಕಾ, ಇಲ್ಲಾ ಇಲ್ಲೇನಾ?

ಅಂಗನವಾಡಿ ಟೀಚರ್
ಈಗ ಇರುವ ಊರಿನ ಅಂಗನವಾಡಿಯಲ್ಲೇ ಹಾಕಮ್ಮ. ಮೊದಲ ಮಗುವಿಗೆ 5,000, ಎರಡು ಕಂತು. ಎರಡನೆಯದು ಹೆಣ್ಣಾದರೆ 6,000. ದುಡ್ಡು ನಿನ್ನ ಆಧಾರ್ ಸೀಡ್ ಆದ ಖಾತೆಗೇ ಬರುತ್ತೆ. ಗಂಡನ ಆಧಾರ್ ಕಡ್ಡಾಯ ಅಂತ ಈಗ ಇಲ್ಲ. ಬಿಸಿನೀರು ಕುಡಿ, ಕಬ್ಬಿಣದ ಮಾತ್ರೆ ಬಿಡಬೇಡ.

ಮಂಡಕ್ಕಿ ಮೆಣಸಿನಕಾಯಿ
ನಾನು ಮತ್ತೆ ಬಂದೆ, ಬೈಯಬೇಡಿ. ಈ ಸಲ ಕೆಲಸದ ಮಾತು. ಅತ್ತೆ ಮನೆಯವರು ಹೆಸರು ಯಾಕೆ ತೆಗೆಸಲ್ಲ ಅಂತ ಯಾರಾದರೂ ಯೋಚಿಸಿದಿರಾ? ನಮ್ಮ ದೊಡ್ಡಮ್ಮನ ಮನೆಯಲ್ಲೂ ಹಿಂಗೇ ಆಗಿತ್ತು. ಸೊಸೆ ಹೆಸರು ತೆಗೆದರೆ ಕಾರ್ಡೇ ಕ್ಯಾನ್ಸಲ್ ಆಗುತ್ತೆ, ಗೃಹಲಕ್ಷ್ಮಿ ಎರಡು ಸಾವಿರ ನಿಂತುಹೋಗುತ್ತೆ ಅಂತ ದೊಡ್ಡಮ್ಮನಿಗೆ ಯಾರೋ ಹೆದರಿಸಿದ್ದರು. ಹಟ ಅಲ್ಲ ಅದು, ಭಯ. ಗೃಹಲಕ್ಷ್ಮಿ ಬರೋದು ಕಾರ್ಡಿನ ಯಜಮಾನಿಗೆ. ಯಜಮಾನಿ ಅತ್ತೆಯೇ ಆಗಿದ್ದರೆ ಸೊಸೆ ಹೆಸರು ಹೋದರೂ ಅವರ ದುಡ್ಡು ಅವರಿಗೆ. ಕಡಿಮೆ ಆಗೋದು ಮೂರು ಜನರ ಅಕ್ಕಿ ಮಾತ್ರ. ಇದನ್ನು ಅವರಿಗೆ ಬಿಡಿಸಿ ಹೇಳಿದ್ದೀರಾ?

ಭರಮಸಾಗರ ಬಸ್
ಪಂಚಾಯ್ತಿಯವರು ಕೊನೆಗೂ ಒಂದು ಒಳ್ಳೇ ತೀರ್ಪು ಕೊಟ್ಟರು.

ಹೊಸದುರ್ಗದ ಮೇಷ್ಟ್ರು
ಇದು ನಿಜ. ಆದರೆ ಕಾರ್ಡಿನ ಯಜಮಾನಿ ಯಾರು ಅಂತ ಮೊದಲು ನೋಡಿ. ಕೆಲವು ಮನೆಗಳಲ್ಲಿ ಸೊಸೆಯೇ ಯಜಮಾನಿ ಆಗಿರುತ್ತಾಳೆ. ಆಗ ಲೆಕ್ಕ ಪೂರ್ತಿ ತಿರುಗುತ್ತೆ.

ನಿಟ್ಟುವಳ್ಳಿ ಅಕ್ಕ
ಅತ್ತೆಯೇ ಯಜಮಾನಿ. ಈ ಭಯದ ವಿಷಯ ನಮಗೆ ಹೊಳೆದೇ ಇರಲಿಲ್ಲ. ನಾವೇ ಮಾತಾಡಿದರೆ ಜಗಳ ಆಗುತ್ತೆ. ಆ ಊರಲ್ಲಿ ನಮ್ಮ ಸೋದರಮಾವ ಇದ್ದಾರೆ, ಅವರ ಕೈಲಿ ಹೇಳಿಸುತ್ತೇವೆ.

ಕೋಟೆ ಕೋತಿ
ದುರ್ಗಕ್ಕೆ ಬಂದರೆ ಹೇಳಿ. ಶಕ್ತಿ ಇದೆಯಲ್ಲ, ಬಸ್ ಫ್ರೀ.

ಭರಮಸಾಗರ ಬಸ್
ನಮ್ಮ ಕಡೆ ಹಳ್ಳಿಗೆ ಓಡೋದು ಪ್ರೈವೇಟ್ ಬಸ್ಸೇ ಜಾಸ್ತಿ ಗುರುವೇ. ಅದರಲ್ಲಿ ಶಕ್ತಿ ಎಲ್ಲಿಂದ ಬರಬೇಕು? ಬಸ್ ಫ್ರೀ ಆದರೂ ಟೈಲರಿಂಗ್ ಅಂಗಡಿಯ ಒಂದು ದಿನದ ಕೂಲಿ ಹೋಗುತ್ತೆ.

ಹಗೇದಿಬ್ಬ ಹುಡುಗ
ವಾಪಸ್ ಬರುವಾಗ ಬೆಣ್ಣೆದೋಸೆ ಖರ್ಚು ಬೇರೆ.

ಕೋಟೆ ಕೋತಿ
ಈಗಿನ ದೋಸೆಯಲ್ಲಿ ಬೆಣ್ಣೆ ಎಲ್ಲಿದೆ, ಮೇಲೊಂದು ಚುಕ್ಕೆ ಇಟ್ಟು ಕೊಡ್ತಾರೆ.

ಹಗೇದಿಬ್ಬ ಹುಡುಗ
ದಾವಣಗೆರೆ ದೋಸೆ ಬಗ್ಗೆ ದುರ್ಗದವರು ಮಾತಾಡಬಾರದು. ಬೇರೆ ಚರ್ಚೆ ಶುರು ಮಾಡು, ಅಲ್ಲಿ ಬರ್ತೀನಿ.

ನಿಟ್ಟುವಳ್ಳಿ ಅಕ್ಕ
ಐದು ವಾರದ ನಂತರ ಬರೆಯುತ್ತಿದ್ದೇನೆ, ತಡವಾಯಿತು.

ಸೋದರಮಾವ ಹೋಗಿ ಕೂತು ಹೇಳಿದರು. ಗೃಹಲಕ್ಷ್ಮಿಗೆ ಏನೂ ಆಗಲ್ಲ ಅಲ್ವಾ, ಏನೂ ಆಗಲ್ಲ ಅಲ್ವಾ ಅಂತ ಅತ್ತೆ ಮೂರು ಸಲ ಕೇಳಿದರಂತೆ. ಮಾರನೇ ವಾರ ಅವರೇ ಹೋಗಿ ಹೆಬ್ಬೆಟ್ಟು ಕೊಟ್ಟು ಮೂರೂ ಹೆಸರು ತೆಗೆಸಿದರು. ಅಮ್ಮನ ಕಾರ್ಡಿಗೆ ಸೇರಿಸುವ ಅರ್ಜಿ ಹಾಕಿದ್ದೇವೆ, ಚಿಕ್ಕವನಿಗೆ ಜನನ ಪ್ರಮಾಣಪತ್ರ ಕೇಳಿದರು, ಕೊಟ್ಟೆವು. ಇನ್ನೂ ಮಂಜೂರಾಗಿಲ್ಲ. ಅಂದರೆ ಈ ತಿಂಗಳು ಅಲ್ಲೂ ಅಕ್ಕಿ ಇಲ್ಲ, ಇಲ್ಲೂ ಇಲ್ಲ.

ಟಿಸಿಗೆ ಮೇಷ್ಟ್ರು ಹೇಳಿದ ಹಾಗೆ ಸೆಕ್ಷನ್ ನಂಬರ್ ಹಾಕಿ ಬರೆದಳು. ನಾಲ್ಕನೇ ದಿನಕ್ಕೆ ಬಂತು. ಹಾಜರಿಯಲ್ಲಿ ಹೆಸರು ಕೂಗಿದರು ಅಂತ ಮಗಳು ಮನೆಗೆ ಬಂದು ಎರಡು ಸಲ ಹೇಳಿದಳು. ಹೊಸ ಖಾತೆ ಪೋಸ್ಟ್ ಆಫೀಸಲ್ಲಿ ಆಯ್ತು. ಮಕ್ಕಳ ರಕ್ಷಣಾ ಘಟಕದವರು ಇಬ್ಬರ ಅರ್ಜಿಯನ್ನೂ ತೆಗೆದುಕೊಂಡಿದ್ದಾರೆ, ಮನೆಗೆ ಬರುವುದು ಬಾಕಿ. ಜೀವನಾಂಶದ ಬಗ್ಗೆ ತಂಗಿ ಇನ್ನೂ ಯೋಚಿಸುತ್ತಿದ್ದಾಳೆ. ನಾವು ಒತ್ತಾಯ ಮಾಡುತ್ತಿಲ್ಲ.

ಬಾಂಡು ಸಿಕ್ಕಿತು. ಸೋದರಮಾವನ ಕೈಲಿ ಅತ್ತೆಯೇ ಕಳಿಸಿದರು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿ. ಜೊತೆಗೆ ಮೊಮ್ಮಗನಿಗೆ ಒಂದು ಡಬ್ಬಿ ಶೇಂಗಾ ಉಂಡೆ.

ಚಳ್ಳಕೆರೆ ಶೇಂಗಾ
ಶೇಂಗಾ ನಮ್ಮದೇ ಇರಬೇಕು.

ಅಂಗನವಾಡಿ ಟೀಚರ್
ಬಾಂಡಿನ ಎರಡೂ ಕಡೆ ಫೋಟೋ ತೆಗೆದು ಮೂರು ಜನರ ಫೋನಲ್ಲಿ ಇಡಿ. ಚಿಕ್ಕವನು ಅಂಗನವಾಡಿಗೆ ಹೋಗ್ತಿದ್ದಾನಾ?

ನಿಟ್ಟುವಳ್ಳಿ ಅಕ್ಕ
ಹೋಗ್ತಾನೆ ಟೀಚರ್. ಮೊಟ್ಟೆ ಕೊಡುವ ದಿನ ಬೆಳಿಗ್ಗೆ ಅವನೇ ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರ್ತಾನೆ.